ಗ್ಯಾರಂಟಿ ಕಾರ್ಡಿನ ಇಂಗ್ಲಿಷ್

ಮುರ್ತುಜಾನ ವಿಷಯ ಬರೆಯಲು ಕುಳಿತು ಎರಡು ಸಲ ಹಾಳೆ ಹರಿದುಹಾಕಿದ್ದೇನೆ. ಎರಡೂ ಸಲ ಅರ್ಧ ಪುಟ ದಾಟುವಷ್ಟರಲ್ಲಿ ನಾನು ಒಳ್ಳೆಯ ಮನುಷ್ಯನಾಗಿಬಿಟ್ಟಿದ್ದೆ. ಇಪ್ಪತ್ತು ವರ್ಷ ಅಂಗಡಿ ನಡೆಸಿದವನ ಕೈ ಇದು. ತನ್ನ ಮಾಲನ್ನು ತಾನು ಹೊಗಳದೆ ಇರಲಾರದು. ಈ ಸಲ ಹಾಗಾಗದಂತೆ ನೋಡಿಕೊಳ್ಳುತ್ತೇನೆ.

ಗದಗಿನ ಸ್ಟೇಶನ್ ರೋಡಿನಲ್ಲಿ ನನ್ನದೊಂದು ರೇಡಿಯೋ ಅಂಗಡಿ. ಮುರ್ತುಜಾ ಬೆಟಗೇರಿಯವನು. ಅವನ ತಂದೆ ಊರೂರು ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಹೀಗಾಗಿ ತವರ ಕರಗಿಸುವುದು, ಬೆಸೆಯುವುದು ಇವನಿಗೆ ಮನೆಯಲ್ಲೇ ಬಂದ ವಿದ್ಯೆ. ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತು, ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ರೇಡಿಯೋ ಕೆಲಸ ನೋಡಿ ನೋಡಿ ಕಲಿತು, ೧೯೭೧ರಲ್ಲಿ ನನ್ನ ಅಂಗಡಿಯ ಕಟ್ಟೆಗೆ ಬಂದು ಕುಳಿತ. ಉರ್ದು ಓದುತ್ತಿದ್ದ, ಕನ್ನಡದ ಬೋರ್ಡುಗಳನ್ನು ಓದುತ್ತಿದ್ದ. ಇಂಗ್ಲಿಷ್ ಮಾತ್ರ ಅವನಿಗೆ ಒಂದಕ್ಷರವೂ ಗೊತ್ತಿರಲಿಲ್ಲ. ಕಂಪನಿಗಳ ಕಾಗದಪತ್ರವೆಲ್ಲ ನನ್ನ ಪಾಲಿಗೆ, ಪೆಟ್ಟಿಗೆಯೊಳಗಿನದೆಲ್ಲ ಅವನ ಪಾಲಿಗೆ ಎಂದು ನಾವು ಹಂಚಿಕೊಂಡಂತೆ ಇತ್ತು.

ಅವನದೊಂದು ಪದ್ಧತಿ ಇತ್ತು. ಯಾವ ರೇಡಿಯೋ ಬಿಚ್ಚಿದರೂ ಮರಳಿ ಮುಚ್ಚಿದ ಮೇಲೆ ಒಂದೊಂದು ಸ್ಕ್ರೂವಿನ ತಲೆಯ ಮೇಲೂ ಹಸಿರು ಬಣ್ಣದ ಒಂದು ಚುಕ್ಕೆ ಇಡುತ್ತಿದ್ದ. ಬಾಗಿಲಿಗೆ ಬಳಿಯುವ ಹಸಿರು. ಅದಕ್ಕೆಂದೇ ಒಂದು ಚಿಕ್ಕ ಡಬ್ಬಿ, ತುದಿ ಜಜ್ಜಿದ ಬೇವಿನ ಕಡ್ಡಿ. ಯಾಕೋ ಎಂದು ಕೇಳಿದರೆ, “ನಾ ತೆಗೆದದ್ದು ಅಂತ ನಾಳೆ ಗುರ್ತು ಸಿಗಬೇಕಲ್ರಿ. ಏನರ ಹೆಚ್ಚು ಕಡಿಮಿ ಆದ್ರ ಮತ್ತೊಬ್ಬನ ಮ್ಯಾಲ ಬರಬಾರದು” ಅನ್ನುತ್ತಿದ್ದ. ಗದಗಿನ ಉಳಿದ ಮೇಸ್ತ್ರಿಗಳು ಇದನ್ನು ಕೇಳಿ ನಕ್ಕದ್ದೇ ನಕ್ಕದ್ದು. ನಾನೂ ನಕ್ಕಿದ್ದೇನೆ.

ನಾನು ಆಗ ಎರಡು ಕಂಪನಿಗಳ ರೇಡಿಯೋ ಮಾರುತ್ತಿದ್ದೆ, ಒಂದು ಪುಣೆಯದು, ಒಂದು ಮದ್ರಾಸಿನದು. ಗಿರಾಕಿಗಳು ಬಂದು ಮೊದಲು ಕೇಳುವುದೇ, “ಎರಡರಾಗ ಯಾವುದು ಚಲೋರಿ?” ಎಂದು. ದನಿ ಎರಡರದೂ ಚೆನ್ನಾಗಿತ್ತು. ಕೆಟ್ಟ ಮೇಲೆ ಯಾರು ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದರಲ್ಲಿ ಅಜಗಜಾಂತರ. ಪುಣೆಯವರಿಗೆ ಕಾಗದ ಹಾಕಿದರೆ ಎಂಟನೆಯ ದಿನ ಉತ್ತರ ಬರುತ್ತಿತ್ತು. ಹದಿನಾಲ್ಕು ಪ್ರಶ್ನೆ ಕೇಳುತ್ತಿದ್ದರು, ಆದರೆ ಹದಿನಾಲ್ಕಕ್ಕೂ ಉತ್ತರ ಕೊಟ್ಟರೆ ಮರು ಮಾತಿಲ್ಲದೆ ಹೊಸ ಪೆಟ್ಟಿಗೆ ಕಳಿಸುತ್ತಿದ್ದರು. ಒಂದೇ ಷರತ್ತು, ಕಾರ್ಖಾನೆಯಲ್ಲಿ ಸ್ಕ್ರೂಗಳ ಮೇಲೆ ಹಚ್ಚಿದ ಕೆಂಪು ಅರಗು ಒಡೆದಿರಬಾರದು. ಮದ್ರಾಸಿನವರು ಏನನ್ನೂ ಕೇಳುತ್ತಿರಲಿಲ್ಲ. ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ಬೇರೆ ಯಾವುದೋ ಮಾಡೆಲಿನ ಗುಂಡಿಯನ್ನು ಬಹಳ ಅಚ್ಚುಕಟ್ಟಾಗಿ ಪಾರ್ಸಲ್ ಮಾಡುತ್ತಿದ್ದರು. ನಾನು ಗಿರಾಕಿಗೆ ಯಾವುದನ್ನು ಹೊಗಳುತ್ತಿದ್ದೆ ಅನ್ನುತ್ತೀರಿ? ಅಂಗಡಿಯಲ್ಲಿ ಯಾವುದು ಹೆಚ್ಚು ಉಳಿದಿತ್ತೋ ಅದನ್ನು. ಮುರ್ತುಜಾ ಮಾತ್ರ ಕಟ್ಟೆಯ ಮೇಲಿಂದ ಖರೆ ಹೇಳಿಬಿಡುತ್ತಿದ್ದ. “ಮದ್ರಾಸದು ಕೆಟ್ರ ನಾ ಮಾಡಿ ಕೊಡತೀನಿ. ಪುಣೇದು ಕೆಟ್ರ ಕಂಪನಿಯವ್ರ ಮಾಡಿ ಕೊಡ್ತಾರ. ನಿಮ್ಮ ಖುಷಿ.” ಇದಕ್ಕಾಗಿ ನಾನು ಅವನನ್ನು ಎಷ್ಟೋ ಸಲ ಬೈದಿದ್ದೆ.

೧೯೭೬ರಲ್ಲಿ ಪುಣೆಯವರು ಒಂದು ಹೊಸ ವ್ಯವಸ್ಥೆ ತಂದರು. ಪ್ರತಿ ಭಾಗಕ್ಕೆ ಒಬ್ಬ ಕಂಪನಿ ಮೇಸ್ತ್ರಿ. ಮೂರು ವಾರ ಪುಣೆಯ ಕಾರ್ಖಾನೆಯಲ್ಲಿ ತರಬೇತಿ, ಆಮೇಲೆ ಒಂದು ಬಿಲ್ಲೆ, ಒಂದು ಬೋರ್ಡು, ಅರಗು ಒಡೆದು ರೇಡಿಯೋ ತೆರೆಯುವ ಹಕ್ಕು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇಷ್ಟಕ್ಕೂ ಸೇರಿ ನಾನು ಬರೆದು ಕಳಿಸಿದ ಹೆಸರು ಮುರ್ತುಜಾನದೇ. ಕಂಪನಿ ಒಪ್ಪಿತು. ದೀಪಾವಳಿ ಮುಗಿದ ಮೇಲೆ ಬರಬೇಕು, ತಾರೀಖು ತಿಳಿಸುತ್ತೇವೆ ಎಂದು ಕಾಗದ ಬಂತು. ಅದನ್ನು ನಾನು ಓದಿ ಅರ್ಥ ಹೇಳಿದಾಗ ಮುರ್ತುಜಾ ಕಾಗದವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. “ಇದರಾಗ ನನ್ನ ಹೆಸರು ಎಲ್ಲೈತ್ರಿ?” ಎಂದ. ಬೆರಳಿಟ್ಟು ತೋರಿಸಿದೆ. ಅವನ ಹೆಂಡತಿ ಬಾನುಬಿ ಪುಣೆಗೆ ಒಯ್ಯಲು ದಪ್ಪ ಬಟ್ಟೆಯ ಚೀಲ ಹೊಲಿದಳು. ಅವರ ಓಣಿಯವರೆಲ್ಲ ಅವನನ್ನು ‘ಪುಣೆ ಸಾಹೇಬ’ ಎಂದು ಕಾಡಿಸತೊಡಗಿದರು.

ಅದಕ್ಕೂ ಮುಂಚೆ, ಅದೇ ವರ್ಷದ ಮೇ ತಿಂಗಳಲ್ಲಿ ಒಂದು ಸಂಗತಿ ನಡೆದಿತ್ತು. ಲಕ್ಷ್ಮೇಶ್ವರದ ಮೆಣಸಿನಕಾಯಿ ವ್ಯಾಪಾರಿ ಅಕ್ಬರಸಾಬರು ಮಗಳು ಮೆಹಬೂಬಿಯ ಮದುವೆಗೆಂದು ಪುಣೆಯ ದೊಡ್ಡ ರೇಡಿಯೋ ಒಯ್ದಿದ್ದರು. ನಿಕಾಹ್‌ಗೆ ಎರಡು ದಿನ ಇದೆ ಅನ್ನುವಾಗ ಅದು ಸುಮ್ಮನಾಯಿತು. ಚಾದರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದರು.

“ಹುಚ್ಚೀರಪ್ಪನವರ, ಮುಂಡರಗಿಯಿಂದ ಬೀಗರು ಬಂದು ಚಾಲೂ ಮಾಡಿ ನೋಡ್ತಾರ. ಮಂದ್ಯಾಗ ನನ್ನ ಮಾನ ಹೋಗತೈತಿ” ಎಂದರು.

ಆ ಮಾಡೆಲಿನ ಬೇರೆ ಪೆಟ್ಟಿಗೆ ನನ್ನಲ್ಲಿ ಇರಲಿಲ್ಲ. ಪುಣೆಗೆ ಕಳಿಸಿದರೆ ಹದಿನೈದು ದಿನ. ನಾನು ಮುರ್ತುಜಾನ ಕಡೆ ನೋಡಿದೆ.

“ಅರಗು ಒಡದ್ರ ಗ್ಯಾರಂಟಿ ಹೋಗತೈತ್ರಿ, ಅಣ್ಣಾರ” ಎಂದ ಅವನು.

“ತೆಗಿಯೋ. ನಾ ಹೇಳಾಕತ್ತೀನಲ್ಲ? ಮುಂದ ಏನರ ಬಂದ್ರ ನಾ ನೋಡಿಕೋತೀನಿ” ಎಂದೆ ನಾನು. ಇದು ನನ್ನದೇ ಮಾತು, ಹೀಗೇ ಹೇಳಿದೆ, ಅಕ್ಬರಸಾಬರೂ ಕೇಳಿದ್ದಾರೆ.

ಒಳಗೆ ಒಂದು ತಂತಿಯ ಬೆಸುಗೆ ಬಿಟ್ಟಿತ್ತು, ಅಷ್ಟೇ. ಹತ್ತು ನಿಮಿಷದಲ್ಲಿ ರೇಡಿಯೋ ಹಾಡಿತು. ಮುಚ್ಚುವಾಗ ನಾನು, “ಕೆಂಪ ಬಣ್ಣ ಹಚ್ಚಿಬಿಡೋ, ಯಾರಿಗೂ ತಿಳಿಯಾಂಗಿಲ್ಲ” ಎಂದೆ. ಅವನು ತಲೆ ಎತ್ತದೆ, “ಅದು ಕಂಪನಿ ಬಣ್ಣರಿ. ನಾ ತೆಗೆದದ್ದಕ್ಕ ನನ್ನದ ಇರಲಿ” ಎಂದು ನಾಲ್ಕೂ ಸ್ಕ್ರೂಗಳಿಗೆ ಹಸಿರು ಚುಕ್ಕೆ ಇಟ್ಟ. ಅಕ್ಬರಸಾಬರು ಅವನ ಎರಡೂ ಕೈ ಹಿಡಿದುಕೊಂಡು ದುವಾ ಮಾಡಿ ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಮುಂಡರಗಿಯಲ್ಲಿ ಮೆಹಬೂಬಿಯ ಗಂಡನ ಮನೆಯಲ್ಲಿ ಆ ರೇಡಿಯೋದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಅದಕ್ಕೂ ಮುರ್ತುಜಾನ ಬೆಸುಗೆಗೂ ಯಾವ ಸಂಬಂಧವೂ ಇರಲಿಲ್ಲ. ಆ ವರ್ಷದ ಟ್ರಾನ್ಸ್‌ಫಾರ್ಮರುಗಳೇ ಕಚ್ಚಾ ಇದ್ದವು ಎಂದು ಕಂಪನಿಯವರೇ ಆಮೇಲೆ ಒಪ್ಪಿಕೊಂಡರು. ಅಕ್ಬರಸಾಬರು ರೇಡಿಯೋವನ್ನು ಮತ್ತೆ ನನ್ನ ಅಂಗಡಿಗೆ ತಂದಿಟ್ಟು ಹೋದರು. ಅಷ್ಟರಲ್ಲಿ ಪುಣೆಯಿಂದ ಇನ್ಸ್‌ಪೆಕ್ಟರು ವರ್ಷದ ತಪಾಸಣೆಗೆ ಬಂದರು. ರೇಡಿಯೋ ತಿರುಗಿಸಿ ಹಿಂಭಾಗ ನೋಡಿದವರೇ ಕನ್ನಡಕ ತೆಗೆದು ಒರೆಸಿಕೊಂಡರು. ಕೆಂಪು ಇರಬೇಕಾದಲ್ಲಿ ನಾಲ್ಕು ಹಸಿರು ಚುಕ್ಕೆ.

ಅವರು ಕೆಟ್ಟವರಲ್ಲ. ಸಮಾಧಾನವಾಗಿಯೇ ಹೇಳಿದರು. ಅಂಗಡಿಯವರು ತೆರೆಸಿದ್ದರೆ ಏಜೆನ್ಸಿ ರದ್ದು ಮಾಡುವುದು ನಿಯಮ. ಮೇಸ್ತ್ರಿ ತಾನಾಗಿಯೇ, ಅಂಗಡಿಯವರಿಗೆ ತಿಳಿಯದಂತೆ ತೆರೆದಿದ್ದರೆ ಅವನಿಂದ ಹಾಗೆಂದು ಬರೆಸಿಕೊಡಿ. ಅವನ ಹೆಸರು ತೆಗೆದುಹಾಕುತ್ತೇವೆ, ಗಿರಾಕಿಗೆ ಇದೊಂದು ಸಲ ಹೊಸ ಪೆಟ್ಟಿಗೆ ಕೊಡುತ್ತೇವೆ. ಯಾವುದು ನಡೆದದ್ದು?

ಮುರ್ತುಜಾ ಹೊರಗೆ ಕಟ್ಟೆಯ ಮೇಲೆ ಇನ್ಸ್‌ಪೆಕ್ಟರಿಗಾಗಿ ತರಿಸಿದ ಚಹಾದಲ್ಲಿ ಉಳಿದದ್ದನ್ನು ಕುಡಿಯುತ್ತಿದ್ದ.

ಏಜೆನ್ಸಿ ಹೋಗಿದ್ದರೆ ನಾನು ಉಪವಾಸ ಬೀಳುತ್ತಿರಲಿಲ್ಲ. ಮದ್ರಾಸಿನದು ಇತ್ತು, ಫ್ಯಾನುಗಳಿದ್ದವು, ಹೊಂಬಳದ ಕಡೆ ಹೊಲವೂ ಇತ್ತು. ನನಗೆ ಹೆದರಿಕೆಯಾದದ್ದು ಅಂಗಡಿಯ ಮೇಲಿದ್ದ ಪುಣೆ ಕಂಪನಿಯ ನೀಲಿ ಬೋರ್ಡಿನ ಸಲುವಾಗಿ. ಅದನ್ನು ಇಳಿಸುವುದನ್ನು ಎದುರಿನ ಬಟ್ಟೆ ಅಂಗಡಿಯವರು ನೋಡುತ್ತಾರಲ್ಲ ಎಂದು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇತ್ತೇನೋ ಎಂದು ಬಹಳ ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

“ಅವನೇ ತೆರೆದಿದ್ದಾನೆ. ನನಗೆ ಗೊತ್ತಿಲ್ಲ” ಎಂದೆ.

ಕಾಗದ ತೆಗೆದು ಇಂಗ್ಲಿಷಿನಲ್ಲಿ ನಾನೇ ಬರೆದೆ. ಮುರ್ತುಜಾ ಎಂಬ ನಾನು ಅನಧಿಕೃತವಾಗಿ, ಅಂಗಡಿಯವರ ಗಮನಕ್ಕೆ ತಾರದೆ ಈ ಯಂತ್ರವನ್ನು ತೆರೆದಿದ್ದೇನೆ. ಅಕ್ಷರ ಬಹಳ ದುಂಡಗೆ ಬಂದವು. ಕಟ್ಟೆಗೆ ಹೋಗಿ, “ಮುರ್ತುಜಾ, ಇಲ್ಲೊಂದು ಸಹಿ ಮಾಡು” ಎಂದೆ.

“ಏನ್ರಿ ಇದು?”

“ಅಕ್ಬರಸಾಬರಿಗೆ ಪೆಟ್ಟಿಗಿ ಬದ್ಲಿ ಕೊಡ್ರಿ ಅಂತ ಅರ್ಜಿ.”

“ಕೊಡ್ತಾರಂತೇನ್ರಿ? ಚಲೋ ಆತು ಬಿಡ್ರಿ!” ಎಂದು ಕೈ ಒರೆಸಿಕೊಂಡು, ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಸಹಿ ಮಾಡಿದ. ಇನ್ಸ್‌ಪೆಕ್ಟರು ಅವನ ಮುಖ ನೋಡದೆ ಕಾಗದ ಮಡಚಿಟ್ಟುಕೊಂಡರು. ಅವರಿಗೂ ಏನೋ ಅನಿಸಿರಬೇಕು.

ಹೊಸ ಪೆಟ್ಟಿಗೆ ಹನ್ನೊಂದೇ ದಿನಕ್ಕೆ ಬಂತು. ಅಕ್ಬರಸಾಬರು ಲಕ್ಷ್ಮೇಶ್ವರದ ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು: ಕಂಪನಿ ಅಂದರೆ ಪುಣೆಯದು, ಅಂಗಡಿ ಅಂದರೆ ಹುಚ್ಚೀರಪ್ಪನದು. ಶಿರಹಟ್ಟಿಯಿಂದ, ಹಮ್ಮಿಗಿಯಿಂದ ಗಿರಾಕಿಗಳು ನನ್ನ ಹೆಸರು ಕೇಳಿಕೊಂಡು ಬಂದರು. “ನಿಮ್ಮಲ್ಲಿ ಗ್ಯಾರಂಟಿ ಅಂದ್ರ ಗ್ಯಾರಂಟಿ ಅಂತಲ್ರಿ” ಎಂದು ಅವರು ಹೇಳುವಾಗ ಮುರ್ತುಜಾ ಕಟ್ಟೆಯ ಮೇಲಿಂದ ಹೌದೌದು ಎಂದು ತಲೆಯಾಡಿಸುತ್ತಿದ್ದ. ನಾನು ಒಳಗೆ ಹೋಗಿ ಸುಮ್ಮನೆ ಏನನ್ನೋ ಹುಡುಕುವವನಂತೆ ನಿಲ್ಲುತ್ತಿದ್ದೆ.

ದೀಪಾವಳಿ ಬಂತು, ಹೋಯಿತು. ದಿನಾ ಟಪಾಲು ಬರುವ ಹೊತ್ತಿಗೆ ಅವನು ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದ. “ಬಂತೇನ್ರಿ ನಮ್ಮ ತಾರೀಖು?” “ಇಲ್ಲೋ. ಕಂಪನಿಯವರದು ತಡ ಆಗತೈತಿ.” ಎರಡು ತಿಂಗಳು ಹೀಗೆ ಹೇಳಿದೆ. ಆಮೇಲೆ ಒಂದು ದಿನ ಅವನು ಎದ್ದು ನಿಲ್ಲಲಿಲ್ಲ, ಕೇಳಲೂ ಇಲ್ಲ. ಹುಬ್ಬಳ್ಳಿಯ ಒಬ್ಬನನ್ನು ನಮ್ಮ ಭಾಗಕ್ಕೂ ಸೇರಿಸಿ ನೇಮಿಸಿದರು ಎಂಬ ಸುದ್ದಿ ಬಂದಾಗಲೂ ಏನೂ ಅನ್ನಲಿಲ್ಲ. ಯುಗಾದಿಯ ಹೊತ್ತಿಗೆ ನನ್ನ ಕಟ್ಟೆ ಬಿಟ್ಟು ಬೆಟಗೇರಿಯಲ್ಲಿ ತನ್ನದೇ ಒಂದು ಖೋಲಿ ಹಿಡಿದ. ನನಗೆ ಹಗುರಾಯಿತು. ನಾಚಿಕೆಗೆಟ್ಟವನಿಗೆ ಹಗುರಾಗುವುದೂ ಬೇಗ.

ಆದರೆ ಅವನು ನನ್ನನ್ನು ಬಿಡಲಿಲ್ಲ. ಪ್ರತಿ ಶುಕ್ರವಾರ ನಮಾಜು ಮುಗಿಸಿ ನೇರ ನನ್ನ ಅಂಗಡಿಗೆ ಬರುತ್ತಿದ್ದ. ಕೈಯಲ್ಲಿ ಹಳೆಯ ಗ್ಯಾರಂಟಿ ಕಾರ್ಡುಗಳ ಒಂದು ಕಟ್ಟು. “ಅಣ್ಣಾರ, ನನಗ ಇದನ್ನ ಓದಾಕ ಕಲಸ್ರಿ” ಎಂದ.

“ಯಾಕಲೇ, ವಿಲಾಯತಿಗೆ ಹೊಂಟಿಯೇನು?” ಎಂದು ನಕ್ಕೆ. ಅವನೂ ನಕ್ಕ. ಕಲಿಸಲು ಕುಳಿತೆ. ಅವನಿಗೆ ಮಾಡಿದ್ದಕ್ಕೆ ಇದರಿಂದ ತುಸು ತೀರಿತು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೂ ಹೌದು.

ಎ ಬಿ ಸಿ ಡಿಯಿಂದ ಸುರುವಾಯಿತು. ಮೊದಲು ಕಂಪನಿಯ ಹೆಸರು, ಆಮೇಲೆ ಊರು, ಆಮೇಲೆ ಹಿಂಬದಿಯ ಷರತ್ತುಗಳು. ಒಂದೊಂದು ಶಬ್ದದ ಕೆಳಗೂ ಪೆನ್ಸಿಲಿನಲ್ಲಿ ಉರ್ದು ಅಕ್ಷರದಲ್ಲಿ ಉಚ್ಚಾರ ಬರೆದುಕೊಳ್ಳುತ್ತಿದ್ದ. ಒಂದು ಶುಕ್ರವಾರ ಮಾರುದ್ದದ ಶಬ್ದವೊಂದರ ಮೇಲೆ ಬೆರಳಿಟ್ಟ. “ಇದೇನ್ರಿ?”

“ಅನ್‌ಆಥರೈಸ್ಡ್.”

“ಅಂದ್ರ?”

“ಅಂದ್ರ... ಅಧಿಕಾರ ಇಲ್ಲದವ.”

“ನನ್ನಂಥವ?”

ನಾನು ಹೂಂ ಎಂದೆ. ಅವನು ಕೆಳಗೆ ಬರೆದುಕೊಂಡ. ನನ್ನ ಕಿವಿ ಕಾದುಹೋಗಿದ್ದವು. ಅವನು ನೋಡಿದನೋ ಇಲ್ಲವೋ ಗೊತ್ತಿಲ್ಲ. ಮೂರು ವರ್ಷ ಬಂದ. ೧೯೮೦ರ ಸುಮಾರಿಗೆ ಬರುವುದು ನಿಂತಿತು. ಸಾಕಾಗಿರಬೇಕು ಎಂದುಕೊಂಡೆ. ಆದರೂ ಬೆಟಗೇರಿಯಿಂದ ಗಿರಾಕಿಗಳು ಬರುತ್ತಲೇ ಇದ್ದರು, ‘ಮುರ್ತುಜಾ ಕಳಿಸ್ಯಾನ’ ಎಂದು ಹೇಳಿಕೊಂಡು.

೧೯೮೫ರಲ್ಲಿ ಗದಗಿನ ಮಾಳಿಗೆಗಳ ಮೇಲೆ ಒಂದೊಂದಾಗಿ ಟಿ.ವಿ. ಆಂಟೆನಾ ಏಳತೊಡಗಿದವು. ಪುಣೆಯವರೂ ಟಿ.ವಿ. ಮಾಡಲು ಹತ್ತಿದ್ದರು. ಮತ್ತೆ ಕಂಪನಿ ಮೇಸ್ತ್ರಿ ಬೇಕು, ನಾಲ್ಕೂ ಊರಿಗೆ ನಂಬಿಕಸ್ಥನೊಬ್ಬನ ಹೆಸರು ಸೂಚಿಸಿ ಎಂದು ನನಗೇ ಫಾರ್ಮು ಕಳಿಸಿದರು. ಹಿಂದೆ ಹೆಸರು ತೆಗೆದುಹಾಕಲಾದವರನ್ನು ಸೂಚಿಸಬಾರದು ಎಂದು ಅದರಲ್ಲೇ ಇತ್ತು. ನಾಲ್ಕು ದಿನ ಅದನ್ನು ಗಲ್ಲಾದ ಕೆಳಗಿಟ್ಟೆ. ಅನ್ನ ಸೇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಉಂಡೆ. ಆದರೆ ಮುರ್ತುಜಾನ ಹೆಸರು ಬಿಟ್ಟು ಬೇರೆ ಹೆಸರು ಬರೆಯಲು ಕೈ ಏಳಲಿಲ್ಲ. ಕೊನೆಗೆ ಕಂಪನಿಗೆ ಒಂದು ಪತ್ರ ಬರೆದೆ. ೧೯೭೬ರ ಆ ಕಾಗದ ಸರಿಯಾದದ್ದಲ್ಲ, ತೆರೆಸಿದವನು ನಾನು, ಆ ಮನುಷ್ಯನದು ತಪ್ಪಿಲ್ಲ, ಅವನ ಹೆಸರನ್ನು ಮರಳಿ ಸೇರಿಸಬೇಕು.

ಅಂಚೆಗೆ ಹಾಕುವ ಮೊದಲು ಅವನಿಗೆ ತೋರಿಸಬೇಕು ಅನಿಸಿತು. ಬೆಟಗೇರಿಗೆ ಹೋದೆ. ಮುರ್ತುಜಾ ಒಬ್ಬನೇ ಇದ್ದ. ಗಡ್ಡ ಅರ್ಧ ಬೆಳ್ಳಗಾಗಿತ್ತು.

“ಬರ್ರಿ ಅಣ್ಣಾರ, ಕುಂಡ್ರಿ” ಎಂದು ತನ್ನ ಸ್ಟೂಲನ್ನೇ ಒರೆಸಿ ಕೊಟ್ಟ.

ಪತ್ರ ತೆಗೆದು, “ಕಂಪನಿಗೆ ಬರದೀನಿ. ನಿನ್ನ ವಿಷಯ ಐತಿ. ಓದಿ ಹೇಳತೀನಿ ಕೇಳು” ಎಂದೆ.

ಅವನು ಕೈ ಚಾಚಿದ. “ಕೊಡ್ರಿ ಇಲ್ಲೆ. ನಾ ಓದತೀನಿ.”

ಬೆರಳಿಟ್ಟು ಒಂದೊಂದೇ ಶಬ್ದ ಓದಿದ, ತುಟಿ ಅಲುಗಿಸುತ್ತ. ನಾನು ಕಲಿಸಿದ ಉಚ್ಚಾರಗಳೇ, ನನ್ನ ತಪ್ಪುಗಳ ಸಮೇತ. ಅರ್ಧಕ್ಕೆ ಬಂದು ನಿಲ್ಲಿಸಿ ನನ್ನ ಕಡೆ ನೋಡಿದ. ಆ ನೋಟದಲ್ಲಿ ಆಶ್ಚರ್ಯವೇ ಇರಲಿಲ್ಲ.

“ನಿನಗ ಗೊತ್ತಿತ್ತೇನು?” ಎಂದೆ.

“ಆವಾಗ ಕಂಪನಿಯವರು ನನಗೂ ಒಂದ ಪತ್ರ ಹಾಕಿದ್ರರಿ, ಮನಿಗೆ. ನಾ ಸಹಿ ಮಾಡಿದ್ದರ ನಕಲೂ ಅದರ ಜೋಡಿ ಇತ್ತು. ನಮ್ಮ ಉರ್ದು ಸಾಲಿ ಮಾಸ್ತರು, ಮೌಲಾಸಾಬರು, ಓದಿ ಹೇಳಿದ್ರು. ಹುಚ್ಚೀರಪ್ಪ ಹಿಂಗ ಬರದಾನ ಅಂದ್ರು. ನಾ ನಂಬಲಿಲ್ಲ. ಮಾಸ್ತರ, ನಿಮಗ ಇಂಗ್ಲಿಷ್ ಬರೂದಿಲ್ಲ, ನಮ್ಮ ಅಣ್ಣಾರು ಹಂಗ ಬರಿಯೂ ಪೈಕಿ ಅಲ್ಲ ಅಂತ ಅವರ ಜೋಡಿ ಜಗಳಾಡಿ ಬಂದ್ನಿ. ನಿಮ್ಮನ್ನ ಕೇಳಿದ್ರ ನಿಮಗ ಬ್ಯಾಸರ ಆಗತೈತಿ. ಅದಕ್ಕ ನಾನ ಓದಿ ನೋಡೂಣು ಅಂತ ಕಲಿಯಾಕ ಬಂದ್ನಿ.”

ಮೂರು ವರ್ಷದ ಶುಕ್ರವಾರಗಳು. ನಾನು ಸುಳ್ಳು ಬರೆದಿಲ್ಲ ಎಂದು ತಿಳಿದುಕೊಳ್ಳಲು ಅವನು ನನ್ನ ಹತ್ತಿರವೇ ಅಕ್ಷರ ಕಲಿತಿದ್ದ.

“ಓದಾಕ ಬಂದ ಮ್ಯಾಲ ಮಾಸ್ತರಿಗೆ ಮಾಫಿ ಕೇಳೂಣಂತ ಹೋದ್ನಿ. ಅಷ್ಟೊತ್ತಿಗೆ ತೀರಿಕೊಂಡಿದ್ರು” ಎಂದ. ಅವನ ದನಿಯಲ್ಲಿ ಆಗ ಮಾತ್ರ ಸಿಟ್ಟು ಕೇಳಿಸಿತು. ಅದು ನನಗೆ ಸಲ್ಲಬೇಕಾದದ್ದೇ.

“ಮತ್ತ ನನ್ನ ಅಂಗಡಿಗೆ ಮಂದಿ ಯಾಕ ಕಳಿಸಿದ್ಯೋ?”

“ಅವರಿಗೆ ಚಲೋ ಪೆಟ್ಟಿಗಿ ಬೇಕಾಗಿತ್ತರಿ. ಪುಣೇದ ಚಲೋ ಇತ್ತು. ಅದು ನಿಮ್ಮಲ್ಲೇ ಸಿಗತಿತ್ತು.”

ಇಷ್ಟು ಹೇಳಿ ಮತ್ತೆ ಪತ್ರಕ್ಕೆ ಬೆರಳಿಟ್ಟ. ಕೊನೆಯ ಸಾಲುಗಳನ್ನು ಓದುತ್ತ ಒಂದು ಕಡೆ ನಿಂತ. ಹಿಂದೆ ಹೋಗಿ ಮತ್ತೆ ಓದಿದ.

“ಇಲ್ಲೆ ಬೈ ಮಿಸ್ಟೇಕ್ ಅಂತ ಬರದೀರಿ. ಆ ಕಾಗದ ಬೈ ಮಿಸ್ಟೇಕ್ ಬರದದ್ದು ಅಂತ. ಮಿಸ್ಟೇಕ್ ಅಂದ್ರ ನನಗ ಗೊತ್ತೈತಿ, ಬೈ ಮಿಸ್ಟೇಕ್ ಅಂದ್ರ?”

“ಅಂದ್ರ... ಗೊತ್ತಿಲ್ಲದ ಆಗಿದ್ದು. ಕಣ್ತಪ್ಪಿ.”

“ಕಣ್ತಪ್ಪಿ ಆಗಿತ್ತೇನ್ರಿ?”

ಕುಹಕವಿಲ್ಲದೆ, ಶುಕ್ರವಾರಗಳಂದು ಶಬ್ದದ ಅರ್ಥ ಕೇಳುತ್ತಿದ್ದ ದನಿಯಲ್ಲೇ ಕೇಳಿದ. ನಾನು ಆ ಪತ್ರವನ್ನು ಮೂರು ಸಲ ತಿದ್ದಿ ಬರೆದಿದ್ದೆ. ಮೂರು ಸಲವೂ ಆ ಎರಡು ಶಬ್ದಗಳು ತಾವಾಗಿಯೇ ಬಂದು ಕುಳಿತಿದ್ದವು, ನನಗೆ ಹೊಳೆದೇ ಇರಲಿಲ್ಲ. ತಪ್ಪೊಪ್ಪಿಕೊಳ್ಳಲು ಬಂದವನು ಅದರಲ್ಲೂ ನನಗೊಂದು ಸಂದಿ ಬಿಟ್ಟುಕೊಂಡಿದ್ದೆ.

ಕಿಸೆಯಿಂದ ಪೆನ್ನು ತೆಗೆದು ಅವನ ಮೇಜಿನ ಮೇಲೆಯೇ ಆ ಎರಡು ಶಬ್ದ ಹೊಡೆದುಹಾಕಿದೆ. ಮೇಲೆ ಬೇರೆ ಒಂದು ಶಬ್ದ ಬರೆದೆ. ಈ ಸಲ ಅಕ್ಷರ ದುಂಡಗೆ ಬರಲಿಲ್ಲ. ಮುರ್ತುಜಾ ಬಗ್ಗಿ ಅದನ್ನು ಕೂಡಿಸಿ ಓದಲು ನೋಡಿದ, ಆಗಲಿಲ್ಲ. ಅದು ಯಾವ ಗ್ಯಾರಂಟಿ ಕಾರ್ಡಿನಲ್ಲೂ ಇಲ್ಲದ ಶಬ್ದ.

“ಇದೇನ್ರಿ, ಅಣ್ಣಾರ?”

“ನೋಯಿಂಗ್ಲಿ.”

“ಅಂದ್ರ?”

ಮುಚ್ಚಿಕೊಳ್ಳಲು ನನ್ನ ಹತ್ತಿರ ಇಂಗ್ಲಿಷೂ ಉಳಿಯಲಿಲ್ಲ. ಅವನು ಪೆನ್ಸಿಲ್ ಹಿಡಿದು, ನಾನು ಹೇಳುವುದನ್ನು ಕೆಳಗೆ ಬರೆದುಕೊಳ್ಳಲು ಕಾಯುತ್ತಿದ್ದ.

“ಬೇಕಂತಲೇ” ಎಂದೆ.